ಮೀನಿನ ಸೀಸನ್ನಿಗೆ ಕೆಲಸ ಬೇಕಾ? ಮಳೆಗಾಲದಲ್ಲೇ ಧಕ್ಕೆಗೆ ಬನ್ನಿ

ಆಗಸ್ಟ್ ಮೊದಲ ವಾರ ಮಲ್ಪೆ ಬಂದರಿಗೆ ಬಂದರೆ ಪ್ರತಿ ವರ್ಷ ಒಂದೇ ದೃಶ್ಯ. ಬೆನ್ನಿಗೆ ಬ್ಯಾಗ್ ಹಾಕಿಕೊಂಡ ನಾಲ್ಕೈದು ಹುಡುಗರು ಉಡುಪಿ ಬಸ್ಸಿನಿಂದ ಇಳಿಯುತ್ತಾರೆ. ಬೋಟು ಕಟ್ಟಿ ಮೀನು ಇಳಿಸುವ ಧಕ್ಕೆಯ ಉದ್ದಕ್ಕೂ ಅತ್ತಿಂದಿತ್ತ ನಡೆದು ಸಿಕ್ಕಿದವರನ್ನೆಲ್ಲ "ಅಣ್ಣಾ, ಬೋಟಿಗೆ ಜನ ಬೇಕಾ" ಅಂತ ಕೇಳುತ್ತಾರೆ, ಸಂಜೆ ಹೊತ್ತಿಗೆ ಸಪ್ಪೆ ಮುಖ ಮಾಡಿಕೊಂಡು ಅದೇ ಬಸ್ಸು ಹತ್ತುತ್ತಾರೆ. ಕೆಲಸ ಇಲ್ಲ ಅಂತಲ್ಲ ಮಾರಾಯ್ರೇ. ಅವರು ಬಂದದ್ದು ಎರಡು ತಿಂಗಳು ತಡವಾಗಿ, ಅಷ್ಟೇ.

ನಾನೂ ಹಾಗೇ ತಡವಾಗಿ ಬಂದವನು. ಹೊನ್ನಾವರದ ಕಡೆಯವನಾದರೂ ನಮ್ಮ ಮನೆಯಲ್ಲಿ ಯಾರೂ ಕಡಲಿಗೆ ಹೋದವರಲ್ಲ, ಹಾಗಾಗಿ ಯಾರನ್ನು ಕೇಳಬೇಕು, ಏನು ಕೇಳಬೇಕು ಅನ್ನೋದೇ ಗೊತ್ತಿರಲಿಲ್ಲ. ನಾಲ್ಕು ಸೀಸನ್ ಟ್ರಾಲ್ ಬೋಟಿನಲ್ಲಿ, ಅಂದರೆ ಬಲೆ ಎಳೆದುಕೊಂಡು ಹೋಗುವ ಬೋಟಿನಲ್ಲಿ, ಕಲಾಸಿಯಾಗಿ (ಬೋಟಿನ ಕೆಲಸಗಾರ) ದುಡಿದೆ. ಆಮೇಲೆ ದಡದಲ್ಲಿ ಮೀನು ವ್ಯಾಪಾರಿಯೊಬ್ಬರ ಹತ್ತಿರ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದೆ. ಹಾಗಾಗಿ ಬೋಟಿನ ಒಳಗಿನ ಲೆಕ್ಕವೂ ಗೊತ್ತು, ಹೊರಗಿನ ಲೆಕ್ಕವೂ ಗೊತ್ತು. ಹೊಸಬರಿಗೆ ಇದನ್ನೆಲ್ಲ ಯಾರೂ ಕೂರಿಸಿಕೊಂಡು ಹೇಳುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಕ್ಯಾಲೆಂಡರ್ ಅರ್ಥ ಮಾಡಿಕೊಳ್ಳಿ

ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. 10 ಅಶ್ವಶಕ್ತಿಗಿಂತ ಜಾಸ್ತಿ ಎಂಜಿನ್ ಇರುವ ದೋಣಿಗಳಿಗೂ ಇದೇ ನಿಯಮ. ಮೀನು ಮೊಟ್ಟೆ ಇಡುವ ಕಾಲ, ಕಡಲೂ ಬಿರುಸಾಗಿರುತ್ತದೆ. ಗೋವಾ, ಮಹಾರಾಷ್ಟ್ರದಲ್ಲೂ ಜೂನ್ 1ರಿಂದಲೇ ರಜೆ. ಕೇರಳದಲ್ಲಿ ಸ್ವಲ್ಪ ತಡವಾಗಿ ಶುರುವಾಗುತ್ತದೆ. ಪೂರ್ವ ಕರಾವಳಿಯಲ್ಲಿ, ಅಂದರೆ ತಮಿಳುನಾಡು, ಆಂಧ್ರ, ಒಡಿಶಾ ಕಡೆ, ಏಪ್ರಿಲ್ 15ರಿಂದ ಜೂನ್ 14. ನಮ್ಮ ಬೋಟು ನಿಂತಾಗ ಅಲ್ಲಿ ಶುರು, ಅಲ್ಲಿ ನಿಂತಾಗ ಇಲ್ಲಿ ಇನ್ನೂ ನಡೆಯುತ್ತಿರುತ್ತದೆ. ಇದನ್ನು ನೋಡಿಕೊಂಡು ಎರಡೂ ಕಡೆ ದುಡಿಯುವವರು ಇದ್ದಾರೆ, ಆದರೆ ಮೊದಲ ವರ್ಷವೇ ಆ ಸಾಹಸ ಬೇಡ.

ಈ 61 ದಿನಗಳಲ್ಲಿ ಬಂದರು ಮಲಗಿರುತ್ತದೆ ಅಂತ ತಿಳಿದುಕೊಂಡರೆ ತಪ್ಪು. ಮುಂದಿನ ಹತ್ತು ತಿಂಗಳು ಯಾವ ಬೋಟಿಗೆ ಯಾರು ಅನ್ನೋದು ಪೂರ್ತಿ ತೀರ್ಮಾನ ಆಗುವುದು ಆಗಲೇ. ಬೋಟುಗಳನ್ನು ದಡಕ್ಕೆ ಎಳೆದು ಮರಗೆಲಸ, ಫೈಬರ್ ಕೆಲಸ, ಪೇಂಟಿಂಗ್ ನಡೆಯುತ್ತದೆ. ಬಲೆ ಹರಡಿಕೊಂಡು ತೂತು ಮುಚ್ಚುತ್ತಾರೆ. ಊರಿಗೆ ಹೋದ ಕಲಾಸಿಗಳಲ್ಲಿ ಯಾರು ವಾಪಸ್ ಬರುತ್ತಾರೆ, ಯಾರು ಬರುವುದಿಲ್ಲ ಅನ್ನುವ ಫೋನ್ ಮಾತುಕತೆಯೂ ಆಗಲೇ. ಜುಲೈ ಎರಡನೇ ವಾರದ ಹೊತ್ತಿಗೆ ಬೋಟು ನಡೆಸುವ ತಾಂಡೇಲನ ಕೈಯಲ್ಲಿ ಪಟ್ಟಿ ಹೆಚ್ಚುಕಡಿಮೆ ಸಿದ್ಧ ಇರುತ್ತದೆ.

ಆಗಸ್ಟ್ 1ಕ್ಕೆ ನಿಷೇಧ ಮುಗಿದರೂ ಎಲ್ಲ ಬೋಟು ಅವತ್ತೇ ಹೊರಡುವುದಿಲ್ಲ. ಕಡಲು ಶಾಂತವಾಗಬೇಕು, ನೂಲ ಹುಣ್ಣಿಮೆಯ ಸಮುದ್ರ ಪೂಜೆ ಆಗಬೇಕು ಅಂತ ಕಾಯುವವರು ಬಹಳ. ಹಾಗಾಗಿ ಬಂದ ಮೊದಲ ಎರಡು ಮೂರು ವಾರ ದುಡಿಮೆ ಇಲ್ಲದಿದ್ದರೂ ಊಟಕ್ಕಾಗುವಷ್ಟು ದುಡ್ಡು ನಿಮ್ಮ ಹತ್ತಿರ ಇರಲಿ.

ಜುಲೈ ತಪ್ಪಿಹೋಯಿತಾ? ಇನ್ನೊಂದು ಬಾಗಿಲಿದೆ. ಚೌತಿ, ದೀಪಾವಳಿಗೆ ಊರಿಗೆ ಹೋದ ಕೆಲವರು ಬರುವುದೇ ಇಲ್ಲ. ಹಬ್ಬ ಮುಗಿದ ಮರುವಾರ ಧಕ್ಕೆಯಲ್ಲಿ ಇದ್ದವನಿಗೆ ಅದೃಷ್ಟ. ನನಗೆ ಮೊದಲ ಬೋಟು ಸಿಕ್ಕಿದ್ದು ಹಾಗೆಯೇ, ದೀಪಾವಳಿ ಆಗಿ ಐದನೇ ದಿನ.

ಯಾವ ಬೋಟು, ಎಂಥ ಕೆಲಸ

"ಬೋಟಿನ ಕೆಲಸ" ಅಂತ ಒಂದೇ ಮಾತಿನಲ್ಲಿ ಹೇಳಿದರೂ ಒಳಗೆ ಬೇರೆ ಬೇರೆ ಲೋಕಗಳಿವೆ.

ಹೊಸಬರಿಗೆ ಜಾಸ್ತಿ ಅವಕಾಶ ಇರುವುದು ಆಳಸಮುದ್ರದ ಟ್ರಾಲ್ ಬೋಟಿನಲ್ಲಿ. ಏಳೆಂಟು ಜನ ಇರುತ್ತಾರೆ, ಒಮ್ಮೆ ಹೊರಟರೆ ಒಂದು ವಾರ, ಹತ್ತು ದಿನ, ಕೆಲವೊಮ್ಮೆ ಅದಕ್ಕೂ ಜಾಸ್ತಿ ಕಡಲಲ್ಲೇ. ಬಲೆ ಬಿಡುವುದು, ಎರಡು ಮೂರು ಗಂಟೆ ಎಳೆಯುವುದು, ವಿಂಚ್‌ನಲ್ಲಿ (ಹಗ್ಗ ಸುತ್ತುವ ಯಂತ್ರ) ಮೇಲೆತ್ತುವುದು, ಡೆಕ್ ಮೇಲೆ ಸುರಿದ ರಾಶಿಯಿಂದ ಬೊಂಡಾಸ್ ಬೇರೆ, ಸಿಗಡಿ ಬೇರೆ, ಮದ್ಮಲ್ ಬೇರೆ ಅಂತ ಹೆಕ್ಕುವುದು, ಐಸ್ ಹಾಕಿ ಒಳಗೆ ತುಂಬುವುದು. ಅಷ್ಟರಲ್ಲಿ ಇನ್ನೊಂದು ಬಲೆ ಮೇಲೆ ಬಂದಿರುತ್ತದೆ. ಹಗಲು ರಾತ್ರಿ ಇದೇ ಚಕ್ರ. ನಿದ್ದೆ ಅನ್ನೋದು ಗಂಟೆ ಎರಡು ಗಂಟೆಯ ತುಂಡುಗಳಲ್ಲಿ. ಹೊಸ ಹುಡುಗನನ್ನು ಮೊದಲು ಅಡುಗೆಗೆ ಹಾಕುವುದು ವಾಡಿಕೆ. ಅದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ತೂಗಾಡುವ ಬೋಟಿನಲ್ಲಿ ಎಂಟು ಜನರಿಗೆ ಕುಚ್ಚಲಕ್ಕಿ ಅನ್ನ, ಮೀನು ಸಾರು ಮಾಡಿದವನನ್ನು ಯಾವ ತಾಂಡೇಲನೂ ಬಿಟ್ಟುಕೊಡುವುದಿಲ್ಲ.

ದಿನದ ಟ್ರಾಲ್ ಬೋಟುಗಳು ಚಿಕ್ಕವು. ಬೆಳಗಿನ ಜಾವ ಹೋಗಿ ಸಂಜೆಗೆ ಬರುತ್ತವೆ. ಎರಡು ಮೂರು ಜನ ಸಾಕು. ಮನೆಯವರೇ, ನೆರೆಯವರೇ ಇರುವುದರಿಂದ ಹೊರಗಿನವರಿಗೆ ಜಾಗ ಕಡಿಮೆ. ಮಲ್ಪೆಯಲ್ಲಿ ತ್ರಿಸೆವೆಂಟಿ ಅಂತ ಕರೆಯುವ ಇನ್ನೊಂದು ವರ್ಗ ಇದೆ, ಅಲ್ಲಿ ಕೇಳಿ ನೋಡಬಹುದು.

ಪರ್ಸೀನ್ ಬೋಟು ಅಂದರೆ ಜಾತ್ರೆ. ಇಪ್ಪತ್ತೈದು ಮೂವತ್ತು ಜನ. ಬಂಗುಡೆ, ಭೂತಾಯಿಯ ಹಿಂಡು ಕಂಡರೆ ಸುತ್ತ ಬಲೆ ಬಿಟ್ಟು ಅಡಿಯಿಂದ ಸಂಚಿಯ ಬಾಯಿ ಬಿಗಿದ ಹಾಗೆ ಬಿಗಿಯುತ್ತಾರೆ. ಹಿಂಡು ಸಿಕ್ಕಿದ ದಿನ ದೊಡ್ಡ ದುಡ್ಡು, ಸಿಗದಿದ್ದರೆ ವಾರಗಟ್ಟಲೆ ಬರಿಗೈ. ತೋಳಿನಲ್ಲಿ ಬಲ ಇದ್ದು, ಮನೆಯಲ್ಲಿ ತಿಂಗಳ ಕಂತಿನ ತಲೆಬಿಸಿ ಇಲ್ಲದವರಿಗೆ ಸರಿ.

ನಾಡದೋಣಿ, ಕೈರಂಪಣಿ, ಬೀಡು ಬಲೆ ಇವೆಲ್ಲ ಹಳೆ ಕಾಲದ ಮೀನುಗಾರಿಕೆಯ ರೀತಿಗಳು, ಊರಿನ ಗುಂಪುಗಳ ಕೈಯಲ್ಲಿವೆ. ಮಳೆಗಾಲದಲ್ಲಿ ಗಂಗೊಳ್ಳಿ, ಮರವಂತೆ, ಉಪ್ಪುಂದ ಕಡೆ ನಾಡದೋಣಿಗಳು ಇಳಿಯುತ್ತವೆ. ಆದರೆ ಅಲ್ಲಿ ಸೇರಿಕೊಳ್ಳಲು ಸಂಬಂಧ, ಪರಿಚಯ ಬೇಕು. ಕೆಲಸ ಹುಡುಕುವವರು ಇಲ್ಲಿ ಸುಮ್ನೆ ಸಮಯ ಕಳೆಯಬೇಡಿ.

ಒಂದು ಎಚ್ಚರಿಕೆ. ರಾತ್ರಿ ಪ್ರಖರ ಎಲ್‌ಇಡಿ ದೀಪ ಹಾಕಿ ಮೀನು ಸೆಳೆಯುವುದು, ಎರಡು ಬೋಟು ಸೇರಿ ಒಂದೇ ಬಲೆ ಎಳೆಯುವ ಬುಲ್ ಟ್ರಾಲಿಂಗ್, ಇವೆರಡನ್ನೂ ಕೇಂದ್ರ ಸರಕಾರ 2017ರಲ್ಲೇ ನಿಷೇಧಿಸಿದೆ. ಆದರೂ ಕದ್ದು ಮಾಡುವವರಿದ್ದಾರೆ, ಜಾಸ್ತಿ ದುಡ್ಡಿನ ಆಸೆಯನ್ನೂ ತೋರಿಸುತ್ತಾರೆ. ಬೋಟು ಹಿಡಿದರೆ ಮೀನಿನ ದುಡ್ಡು ಹೋಯಿತು ಅಂತಲೇ ಲೆಕ್ಕ, ನಿಮ್ಮ ಪಾಲು ಅದರ ಜೊತೆಗೇ.

ಕಡಲಿಗೆ ಇಳಿಯದೆಯೂ ಸೀಸನ್ ಮಾಡಬಹುದು

ನೀರಿನ ಭಯ ಇದೆಯಾ, ಮನೆಯವರು ಒಪ್ಪುತ್ತಿಲ್ಲವಾ? ದಡದಲ್ಲಿ ಬೇಕಾದಷ್ಟು ಕೆಲಸ ಇದೆ. ಬೋಟಿನಿಂದ ಮೀನು ಇಳಿಸುವುದು, ಬುಟ್ಟಿ ಹೊರುವುದು, ಹೆಕ್ಕುವುದು, ಏಲಂ (ಹರಾಜು) ಆದ ಮೀನನ್ನು ಐಸ್ ಹಾಕಿ ಕ್ರೇಟಿಗೆ ತುಂಬಿ ಲಾರಿಗೆ ಏರಿಸುವುದು. ಐಸ್ ಪ್ಲಾಂಟಿನಲ್ಲಿ ದೊಡ್ಡ ಗಡ್ಡೆ ತಳ್ಳುವುದು, ಪುಡಿ ಮಾಡುವುದು. ಉತ್ತರ ಕರ್ನಾಟಕದ ಜಿಲ್ಲೆಗಳಿಂದ ಬಂದ ಗಂಡಸರು ಹೆಂಗಸರು ಮಲ್ಪೆಯಲ್ಲಿ ಈ ಕೆಲಸ ಮಾಡಿಕೊಂಡಿದ್ದಾರೆ. ಒಬ್ಬರಿಂದ ಒಬ್ಬರು, ಅಕ್ಕನ ಹಿಂದೆ ತಂಗಿ, ಹೀಗೆ ಬಂದವರು. ದಿನದ ಕೂಲಿ ಅವತ್ತವತ್ತೇ ಅಥವಾ ವಾರಕ್ಕೆ ಕೈಗೆ ಬರುತ್ತದೆ. ಹೆಕ್ಕುವ ಕೆಲಸದಲ್ಲಿ ಕೂಲಿಯ ಜೊತೆ ಒಂದು ಹಿಡಿ ಮೀನು ಕೊಡುವ ರೂಢಿ ಕೆಲವು ಕಡೆ ಇದೆ. ಆದರೆ ಅವರೇ ಕೊಟ್ಟರೆ ಮಾತ್ರ. ಬಿದ್ದಿದೆಯಲ್ಲ ಅಂತ ಕೇಳದೆ ಎತ್ತಿಕೊಂಡರೆ ದೊಡ್ಡ ಗಲಾಟೆ ಆಗುತ್ತದೆ.

ಬಲೆ ಕೆಲಸ ಕಲಿತವರಿಗೆ ಮಳೆಗಾಲದಲ್ಲೂ ಕೈತುಂಬ ಕೆಲಸ. ನನ್ನ ಅಭಿಪ್ರಾಯ ಕೇಳಿದರೆ ಇದೇ ಅತಿ ಒಳ್ಳೆಯ ಪ್ರವೇಶ. ಜೂನ್‌ನಲ್ಲಿ ಬಂದು ಬಲೆ ಮುಚ್ಚುವವರ ಜೊತೆ ಕೂತು ನೂಲು ಸುತ್ತಿಕೊಡುವುದು, ಸೀಸದ ಗುಂಡು ಕಟ್ಟುವುದು ಇಂಥ ಕೈಕೆಲಸ ಮಾಡಿದರೂ ಸಾಕು, ಎರಡು ತಿಂಗಳಲ್ಲಿ ಹತ್ತು ತಾಂಡೇಲರ ಮುಖ ಪರಿಚಯ ಆಗಿರುತ್ತದೆ. ಅವರಿಗೂ ನಿಮ್ಮ ಮುಖ.

ಇನ್ನು ಕಾರ್ಖಾನೆಗಳು. ಮಂಗಳೂರು, ಉಳ್ಳಾಲ, ಮಲ್ಪೆ ಸುತ್ತಮುತ್ತ ಮೀನು ಸಂಸ್ಕರಣೆ, ಸುರಿಮಿ (ಅರೆದ ಮೀನಿನ ಮುದ್ದೆ), ಫಿಶ್‌ಮೀಲ್ (ಮೀನಿನ ಪುಡಿ) ಘಟಕಗಳಿವೆ. ಮೀನು ಕತ್ತರಿಸುವುದು, ಸಿಗಡಿ ಸುಲಿಯುವುದು, ಪ್ಯಾಕಿಂಗ್. ಇಡೀ ದಿನ ತಣ್ಣನೆ ನೀರಿನಲ್ಲಿ ಕೈ, ಒದ್ದೆ ನೆಲದ ಮೇಲೆ ಕಾಲು. ಇಲ್ಲಿ ಒಂದು ಅನುಕೂಲ ಏನೆಂದರೆ ಕಾಗದಪತ್ರ ಇರುತ್ತದೆ. ಹತ್ತು ಅಥವಾ ಅದಕ್ಕಿಂತ ಜಾಸ್ತಿ ಜನ ಇದ್ದರೆ ಇಎಸ್‌ಐ (ಕಾರ್ಮಿಕರ ವಿಮೆ), ಇಪ್ಪತ್ತು ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಪಿಎಫ್ ಇರಬೇಕು. ಗುತ್ತಿಗೆದಾರನ ಮೂಲಕ ಸೇರಿದರೂ ಕೇಳಿ, ನಂಬರ್ ಬರೆದುಕೊಳ್ಳಿ.

ಕಾಗದಪತ್ರ: ಇದು ಇಲ್ಲದೆ ಬೋಟು ಹತ್ತಬೇಡಿ

ಆಧಾರ್ ಕಾರ್ಡ್ ಮೂಲಪ್ರತಿ ಬೇಕೇ ಬೇಕು. 2008ರ ಮುಂಬೈ ದಾಳಿಕೋರರು ಬಂದದ್ದು ಮೀನುಗಾರಿಕೆ ಬೋಟಿನಲ್ಲಿ. ಅದಾದ ಮೇಲೆ ಕಡಲಲ್ಲಿ ತಪಾಸಣೆ ಬಿಗಿಯಾಯಿತು. ಕರಾವಳಿ ಕಾವಲು ಪೊಲೀಸರೋ ಕೋಸ್ಟ್ ಗಾರ್ಡಿನವರೋ ಬೋಟು ನಿಲ್ಲಿಸಿದರೆ ಪ್ರತಿಯೊಬ್ಬನೂ ಗುರುತಿನ ಚೀಟಿ ತೋರಿಸಬೇಕು. ಪ್ಲಾಸ್ಟಿಕ್ ಕಾರ್ಡ್ ಮಾಡಿಸಿ, ಜಿಪ್ ಕವರಿನಲ್ಲಿ ಹಾಕಿಡಿ. ಕಾಗದದ ಆಧಾರ್ ಒಂದೇ ಟ್ರಿಪ್ಪಿಗೆ ಮುದ್ದೆಯಾಗುತ್ತದೆ, ನನ್ನದು ಆಗಿತ್ತು.

ನಿಮ್ಮ ಹೆಸರಿನದೇ ಬ್ಯಾಂಕ್ ಖಾತೆ ಇರಲಿ. ಅಸಂಘಟಿತ ಕಾರ್ಮಿಕರಿಗೆ ಕೊಡುವ ಇ-ಶ್ರಮ್ ಕಾರ್ಡ್ ಮಾಡಿಸಿಕೊಳ್ಳಿ. ಕೇಂದ್ರದ ರಾಷ್ಟ್ರೀಯ ಮೀನುಗಾರಿಕೆ ಡಿಜಿಟಲ್ ವೇದಿಕೆಯಲ್ಲಿ ಮೀನು ಕಾರ್ಮಿಕರೂ ಹೆಸರು ನೋಂದಾಯಿಸಿಕೊಳ್ಳಬಹುದು. ಮತ್ಸ್ಯಸಂಪದ ಯೋಜನೆಯ ಅಡಿ ಗುಂಪು ಅಪಘಾತ ವಿಮೆ ಇದೆ. ಸತ್ತರೆ ಅಥವಾ ಶಾಶ್ವತವಾಗಿ ಪೂರ್ತಿ ಅಂಗವಿಕಲರಾದರೆ 5 ಲಕ್ಷ, ಭಾಗಶಃ ಆದರೆ 2.5 ಲಕ್ಷ, ಅಪಘಾತವಾಗಿ ಆಸ್ಪತ್ರೆ ಸೇರಿದರೆ 25,000 ರೂಪಾಯಿವರೆಗೆ. ಪ್ರೀಮಿಯಂ ಸರಕಾರವೇ ಕಟ್ಟುತ್ತದೆ. ಆದರೆ ಪಟ್ಟಿಯಲ್ಲಿ ಹೆಸರು ಇರಬೇಕಲ್ವಾ? ಬಂದರಿನಲ್ಲೇ ಇರುವ ಮೀನುಗಾರಿಕೆ ಇಲಾಖೆಯ ಕಚೇರಿಗೆ ಹೋಗಿ ಕೇಳಿ. ಕರಾವಳಿಯ ಊರುಗಳಲ್ಲಿ ಸಾಗರಮಿತ್ರ ಅಂತ ನೇಮಿಸಿದವರಿದ್ದಾರೆ, ಅವರಿಗೂ ಗೊತ್ತಿರುತ್ತದೆ. ಬೋಟಿನ ಮಾಲೀಕರು "ಎಲ್ಲ ನಾವೇ ಮಾಡಿಸುತ್ತೇವೆ" ಅಂದರೂ ಒಮ್ಮೆ ನೀವೇ ಹೋಗಿ ನೋಡಿ ಬನ್ನಿ.

ವಯಸ್ಸು ಹದಿನೆಂಟು ಆಗಿರಲಿ. ಆಗದ ಹುಡುಗನನ್ನು ಕರೆದುಕೊಂಡು ಹೋಗಲು ತಯಾರಿರುವ ಬೋಟು ಬೇರೆ ವಿಷಯದಲ್ಲೂ ನೆಟ್ಟಗಿರುವುದಿಲ್ಲ.

ಧಕ್ಕೆಯಲ್ಲಿ ಯಾರನ್ನು, ಯಾವಾಗ ಕೇಳಬೇಕು

ಎಲ್ಲಿಗೆ ಹೋಗಬೇಕು? ಜಾಸ್ತಿ ಬೋಟು ಇರುವುದು ಮಲ್ಪೆ ಮತ್ತು ಮಂಗಳೂರು ಹಳೆ ಬಂದರಿನ ಧಕ್ಕೆಯಲ್ಲಿ. ಹೊಸಬರು ಇವೆರಡರಲ್ಲಿ ಒಂದನ್ನು ಹಿಡಿಯಿರಿ. ಗಂಗೊಳ್ಳಿ, ಭಟ್ಕಳ, ಹೊನ್ನಾವರ, ತದಡಿ, ಕಾರವಾರದ ಬೈತಖೋಲ ಇವೆಲ್ಲ ಇದ್ದರೂ ಅಲ್ಲಿ ಊರಿನವರೇ ಜಾಸ್ತಿ. ವಿಚಿತ್ರ ಏನೆಂದರೆ, ನಮ್ಮ ಉತ್ತರ ಕನ್ನಡದ ಹುಡುಗರು ಮಲ್ಪೆಗೂ ಗೋವಾಕ್ಕೂ ಹೋಗುತ್ತಾರೆ, ಇಲ್ಲಿನ ಬೋಟುಗಳಿಗೆ ಒಡಿಶಾ, ಜಾರ್ಖಂಡ್‌ನಿಂದ ಜನ ಬರುತ್ತಾರೆ.

ಕೇಳಬೇಕಾದ್ದು ಮಾಲೀಕರನ್ನಲ್ಲ, ತಾಂಡೇಲನನ್ನು. ಬೋಟು ನಡೆಸುವವನು ಅವನು, ಜನ ಆರಿಸುವವನೂ ಅವನೇ. ಮಾಲೀಕರು ತಾಂಡೇಲನನ್ನು ಆರಿಸುತ್ತಾರೆ, ಅಷ್ಟೇ. ಮಾಲೀಕರ ಮನೆ ಬಾಗಿಲು ತಟ್ಟಿದರೆ ತಾಂಡೇಲನನ್ನು ದಾಟಿ ಬಂದವನು ಅಂತ ಮೊದಲ ದಿನವೇ ಹೆಸರು ಕೆಡುತ್ತದೆ.

ಸೀಸನ್ ನಡೆಯುವಾಗ ಬೆಳಿಗ್ಗೆ ಏಲಂ ಹೊತ್ತಿನಲ್ಲಿ ಯಾರನ್ನೂ ಮಾತನಾಡಿಸಬೇಡಿ. ಆಗ ಎಲ್ಲರ ತಲೆಯೂ ಬಿಸಿ, ಒಂದು ನಿಮಿಷ ತಡವಾದರೆ ಮೀನಿನ ದರ ಇಳಿಯುತ್ತದೆ. ಮೀನು ಇಳಿಸಿ, ಬೋಟು ತೊಳೆದು, ಹತ್ತು ಹನ್ನೊಂದರ ಹೊತ್ತಿಗೆ ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತಿರುತ್ತಾರಲ್ಲ, ಅದು ಸಮಯ. ಮಳೆಗಾಲದಲ್ಲಾದರೆ ಬಲೆ ಶೆಡ್ಡಿಗೆ ಯಾವಾಗ ಹೋದರೂ ಸರಿ, ಖಾಲಿ ಕೈಯಲ್ಲಿ ನಿಲ್ಲಬೇಡಿ, ಏನಾದರೂ ಹಿಡಿದುಕೊಡಿ.

ಐಸ್ ಪ್ಲಾಂಟಿನವರು, ಡೀಸೆಲ್ ಬಂಕಿನವರು, ಬೋಟಿಗೆ ರೇಷನ್ ಕೊಡುವ ಅಂಗಡಿಯವರು, ಈ ಮೂವರಿಗೆ ಯಾವ ಬೋಟಿಗೆ ಜನ ಸಾಲದು ಅನ್ನೋದು ಎಲ್ಲರಿಗಿಂತ ಮೊದಲು ಗೊತ್ತಾಗುತ್ತದೆ. ಎಂಟು ಜನರ ರೇಷನ್ ಒಯ್ಯುತ್ತಿದ್ದವರು ಆರು ಜನರದ್ದು ಒಯ್ದರೆ ಲೆಕ್ಕ ಸಿಕ್ಕಿತಲ್ಲ! ಅಂಗಡಿಯವರಿಗೆ ನಿಮ್ಮ ನಂಬರ್ ಕೊಟ್ಟಿಡಿ.

ಮಾತು ಹೇಗೆ? ಮಲ್ಪೆ, ಮಂಗಳೂರಿನಲ್ಲಿ ತುಳು, ಕುಂದಾಪುರ ಕಡೆ ಅವರದ್ದೇ ಕನ್ನಡ, ಭಟ್ಕಳದಿಂದ ಮೇಲೆ ಕೊಂಕಣಿಯೂ ಬೇಕು. "ಜನ ಬೋಡಾ ಅಣ್ಣಾ" ಅನ್ನುವಷ್ಟು ತುಳು ಕಲಿತುಕೊಂಡು ಬನ್ನಿ, ನಗುತ್ತಾರೆ, ನಕ್ಕ ಮೇಲೆ ಕೂರಿಸಿ ಮಾತನಾಡುತ್ತಾರೆ. ಸುಳ್ಳು ಮಾತ್ರ ಬೇಡ. "ಎರಡು ಸೀಸನ್ ಮಾಡಿದ್ದೇನೆ" ಅಂತ ಬಿಟ್ಟರೆ ಹಗ್ಗದ ಗಂಟು ಹಾಕುವ ರೀತಿಯಲ್ಲೇ ಸಿಕ್ಕಿಬೀಳುತ್ತೀರಿ. ಹೊಸಬ, ಕೆಲಸ ಮಾಡುತ್ತೇನೆ, ಅಡುಗೆ ಬರುತ್ತದೆ ಅಂದರೆ ಸಾಕು.

ನಿಮ್ಮ ಕಡೆಯಿಂದಲೂ ಒಂದು ತನಿಖೆ ಬೇಕು. ಆ ಬೋಟಿನಲ್ಲಿ ಹಳೆ ಕಲಾಸಿಗಳು ಎಷ್ಟು ವರ್ಷದಿಂದ ಇದ್ದಾರೆ ಅಂತ ಕೇಳಿ. ಮೂರು ನಾಲ್ಕು ವರ್ಷದಿಂದ ಅದೇ ಮುಖಗಳಾದರೆ ಒಳ್ಳೆಯ ತಾಂಡೇಲ. ವರ್ಷವರ್ಷ ಹೊಸ ಜನ ಅಂದರೆ ಎಲ್ಲೋ ಲೆಕ್ಕ ಸರಿ ಇಲ್ಲ.

ಮುಂಗಡ: ಇಲ್ಲಿ ನಿಧಾನ ಮಾಡಿ

ಇಡೀ ಬರಹದಲ್ಲಿ ಒಂದೇ ಭಾಗ ಓದುತ್ತೀರಿ ಅಂದರೆ ಇದನ್ನು ಓದಿ.

ಮಳೆಗಾಲದಲ್ಲಿ ಕಲಾಸಿಗಳ ಕೈ ಖಾಲಿ. ಶಾಲೆ ಫೀಸು, ಮನೆ ರಿಪೇರಿ, ಆಸ್ಪತ್ರೆ ಎಲ್ಲ ಆಗಲೇ ಬರುತ್ತವೆ. ಆ ಹೊತ್ತಿನಲ್ಲಿ ಬೋಟಿನವರು ಮುಂಗಡ ಕೊಟ್ಟು ಜನರನ್ನು ಕಾದಿರಿಸುತ್ತಾರೆ. ತಪ್ಪೇನಿಲ್ಲ, ಅವರಿಗೂ ಜನ ಕೈಕೊಡುವ ಭಯ. ಆದರೆ ಮುಂಗಡ ತೆಗೆದುಕೊಂಡ ಕ್ಷಣದಿಂದ ಕೇಳುವ ಬಾಯಿ ಮುಚ್ಚಿಹೋಗುತ್ತದೆ. ನನ್ನ ಎರಡನೇ ವರ್ಷ ಹಾಗೇ ಆಯಿತು. ಅಕ್ಕನ ಮದುವೆ ಇತ್ತು, ಒಂದು ಬೋಟಿನವರಿಂದ ದೊಡ್ಡ ಮೊತ್ತವನ್ನೇ ತಂದೆ. ಲೆಕ್ಕ ಕೇಳಲಿಲ್ಲ, ಬರೆದುಕೊಳ್ಳಲೂ ಇಲ್ಲ. ಪ್ರತಿ ಟ್ರಿಪ್ಪಿಗೂ "ಮುಂಗಡಕ್ಕೆ ಹಿಡಿದಿದ್ದೇವೆ" ಅನ್ನುತ್ತಿದ್ದರು. ಮೇ ಕೊನೆಗೆ ನೋಡಿದರೆ ಹತ್ತು ತಿಂಗಳು ದುಡಿದ ಮೇಲೂ ನಾನೇ ಅವರಿಗೆ ಬಾಕಿ! ಮುಂದಿನ ಸೀಸನ್ನೂ ಅಲ್ಲೇ ಹೋಗಬೇಕಾಯಿತು. ಈಗ ಲೆಕ್ಕ ಬರೆಯುವವನಾಗಿ ಯೋಚಿಸಿದರೆ, ಅಲ್ಲಿ ದೊಡ್ಡ ಮೋಸ ನಡೆದಿತ್ತು ಅಂತ ಹೇಳಲಾರೆ. ಯಾವ ಖರ್ಚು ಯಾರ ತಲೆಗೆ ಅನ್ನೋದನ್ನು ನಾನು ಕೇಳಿಯೇ ಇರಲಿಲ್ಲ.

ಬೋಟಿನ ಸಂಬಳ ಆಫೀಸಿನ ಸಂಬಳದ ಹಾಗಲ್ಲ. ಸಾಮಾನ್ಯವಾಗಿ ಮಾರಿದ ಮೀನಿನ ದುಡ್ಡಿನಲ್ಲಿ ಡೀಸೆಲ್, ಐಸ್, ರೇಷನ್, ಏಲಂ ಕಮಿಷನ್ ಎಲ್ಲ ಕಳೆದು ಉಳಿದದ್ದರಲ್ಲಿ ಬೋಟಿಗೆ ಇಷ್ಟು, ಜನರಿಗೆ ಇಷ್ಟು ಅಂತ ಪಾಲು. ಜನರ ಪಾಲಿನಲ್ಲಿ ತಾಂಡೇಲನಿಗೆ ಜಾಸ್ತಿ, ಹೊಸಬನಿಗೆ ಕಡಿಮೆ. ಇದರ ಮೇಲೆ ಕಡಲಲ್ಲಿದ್ದ ದಿನಕ್ಕೆ ಬಾಟಾ (ದಿನಭತ್ಯೆ). ಕೆಲವು ಬೋಟುಗಳಲ್ಲಿ ಖರ್ಚು ಕಳೆಯದೆ ಒಟ್ಟು ವ್ಯಾಪಾರದ ಮೇಲೆ ಶೇಕಡಾವಾರು ಕೊಡುತ್ತಾರೆ. ಕೇಳಲು ಎರಡೂ ಒಂದೇ ತರಹ ಕಾಣುತ್ತವೆ, ಆದರೆ ಮೀನು ಕಡಿಮೆ ಬಿದ್ದ ಟ್ರಿಪ್ಪಿನಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ. ಒಂದು ಉದಾಹರಣೆ ಹಾಕಿ ನೋಡಿ, ಅಂಕಿಗಳು ಸುಮ್ನೆ ಲೆಕ್ಕಕ್ಕೆ. ಟ್ರಿಪ್ಪಿನ ವ್ಯಾಪಾರ 4 ಲಕ್ಷ, ಖರ್ಚು 3 ಲಕ್ಷ. ಖರ್ಚು ಕಳೆದು ಮೂರನೇ ಒಂದು ಪಾಲು ಜನರಿಗೆ ಅಂದರೆ ಸುಮಾರು 33,000, ಅದನ್ನು ಎಂಟು ಜನ ಹಂಚಿಕೊಳ್ಳಬೇಕು. ಒಟ್ಟು ವ್ಯಾಪಾರದ ಮೇಲೆ ಶೇಕಡಾ 15 ಅಂದರೆ 60,000. ಇನ್ನು ವ್ಯಾಪಾರ 3 ಲಕ್ಷಕ್ಕೆ ಇಳಿದರೆ ಮೊದಲನೆಯದರಲ್ಲಿ ಸೊನ್ನೆ, ಎರಡನೆಯದರಲ್ಲಿ 45,000. ಈಗ ಹೇಳಿ, ಕೇಳದೆ ಇರಬಹುದಾ?

ಹಾಗಾಗಿ ಮುಂಗಡ ಮುಟ್ಟುವ ಮೊದಲು, ಒಬ್ಬ ಹಳೆ ಕಲಾಸಿಯನ್ನು ಪಕ್ಕದಲ್ಲಿ ಇಟ್ಟುಕೊಂಡು, ಇಷ್ಟು ಕೇಳಿ. ಪಾಲು ಖರ್ಚು ಕಳೆದ ಮೇಲೋ ಮೊದಲೋ? ಬಲೆ ಹರಿದರೆ, ಎಂಜಿನ್ ಕೆಟ್ಟರೆ ಆ ಖರ್ಚು ಜನರ ಪಾಲಿನಿಂದ ಹೋಗುತ್ತದಾ? ಬಾಟಾ ಎಷ್ಟು, ಪಾಲಿನಲ್ಲಿ ಸೇರಿದೆಯಾ ಬೇರೆಯಾ? ಲೆಕ್ಕ ಪ್ರತಿ ಟ್ರಿಪ್ಪಿಗಾ, ತಿಂಗಳಿಗಾ? ಮುಂಗಡವನ್ನು ಪ್ರತಿ ಸಲ ಎಷ್ಟೆಷ್ಟು ಹಿಡಿಯುತ್ತಾರೆ? ಹುಷಾರಿಲ್ಲದೆ ಒಂದು ಟ್ರಿಪ್ ಬಿಟ್ಟರೆ ಏನು? ಉತ್ತರಗಳನ್ನು ಮೊಬೈಲಿನಲ್ಲಿ ಬರೆದು ಅವರಿಗೇ ವಾಟ್ಸ್ಆ್ಯಪ್ ಮಾಡಿ, "ಅಣ್ಣಾ, ಹೀಗೆ ಮಾತಾಗಿದೆ ಅಲ್ವಾ" ಅಂತ. ಒಂದು "ಹೌದು" ಬಂದರೆ ಅದೇ ನಿಮ್ಮ ಕರಾರುಪತ್ರ. ಮುಂಗಡ ಬ್ಯಾಂಕಿಗೇ ಹಾಕಿಸಿಕೊಳ್ಳಿ. ಮೊದಲ ವರ್ಷ ಒಂದು ತಿಂಗಳ ದುಡಿಮೆಗಿಂತ ಜಾಸ್ತಿ ಮುಂಗಡ ತರಬೇಡಿ, ಇದು ನನ್ನ ಖಡಕ್ ಮಾತು.

ಮುಂಗಡದ ನೆಪದಲ್ಲಿ ಆಧಾರ್ ಇಟ್ಟುಕೊಳ್ಳುವುದು, ಊರಿಗೆ ಹೋಗಲು ಬಿಡದಿರುವುದು, ಬಡಿಯುವುದು ನಡೆದರೆ ಅದು ಬೋಟಿನ ಪದ್ಧತಿ ಅಲ್ಲ, ಜೀತ. 1976ರ ಕಾಯಿದೆ ಪ್ರಕಾರ ಅಪರಾಧ. ಕಾರ್ಮಿಕ ಇಲಾಖೆಗೆ, ತಹಶೀಲ್ದಾರರಿಗೆ ಅಥವಾ ಪೊಲೀಸರಿಗೆ ದೂರು ಕೊಡಬಹುದು.

ಬ್ಯಾಗಿನಲ್ಲಿ ಏನಿರಬೇಕು

ಬಟ್ಟೆ ಮೂರು ಜೊತೆ, ಹಳೆಯವು. ಗಮ್‌ಬೂಟ್, ರೈನ್‌ಕೋಟ್, ದಪ್ಪ ರಬ್ಬರ್ ಗ್ಲೌಸ್ ಎರಡು ಜೊತೆ. ತೆಳು ಹೊದಿಕೆ. ತಲೆಗೆ ಟೋಪಿ. ಟಾರ್ಚ್, ಪವರ್ ಬ್ಯಾಂಕ್. ವಾಂತಿ ನಿಲ್ಲುವ ಮಾತ್ರೆಯನ್ನು ಡಾಕ್ಟರರ ಹತ್ತಿರ ಕೇಳಿ ತನ್ನಿ, ಅದನ್ನು ಬೋಟು ಹೊರಡುವ ಮೊದಲೇ ನುಂಗಬೇಕು, ವಾಂತಿ ಶುರುವಾದ ಮೇಲೆ ನುಂಗಿದರೆ ಅದೂ ಹೊರಗೇ. ಗಾಯಕ್ಕೆ ಮುಲಾಮು, ಬ್ಯಾಂಡೇಜ್, ಒಆರ್‌ಎಸ್ ಪೊಟ್ಟಣ. ಚಿನ್ನ, ಹೊಸ ಫೋನು ಮನೆಯಲ್ಲೇ ಇರಲಿ.

ಮೊದಲ ಟ್ರಿಪ್

ಮೊದಲ ಎರಡು ದಿನ ಸಾಯುವುದೇ ವಾಸಿ ಅನಿಸುತ್ತದೆ. ಎಲ್ಲರಿಗೂ ಹಾಗೇ. ಬೋಟಿನ ಒಳಗೆ ಮಲಗಿ ಡೀಸೆಲ್ ವಾಸನೆ ಕುಡಿಯಬೇಡಿ, ಹೊರಗೆ ಕೂತು ದೂರದ ಬಾನಿನ ಅಂಚು ನೋಡಿ. ಗಂಜಿ ನೀರು, ಒಣ ಬಿಸ್ಕತ್ತು ಸ್ವಲ್ಪ ಸ್ವಲ್ಪ ತಿನ್ನಿ. ಮೂರನೇ ದಿನಕ್ಕೆ ಹೊಟ್ಟೆ ಕಡಲಿನ ಜೊತೆ ರಾಜಿ ಮಾಡಿಕೊಳ್ಳುತ್ತದೆ. ಎರಡು ಟ್ರಿಪ್ ಆದರೂ ಕಡಿಮೆಯಾಗದಿದ್ದರೆ ಹಟ ಬೇಡ, ದಡದ ಕೆಲಸ ನೋಡಿಕೊಳ್ಳಿ.

ರಾಶಿ ಹೆಕ್ಕುವಾಗ ಅವಸರ ಮಾಡಿದರೆ ಕೈ ಹೋಗುತ್ತದೆ. ತೊರಕೆಯ ಬಾಲದ ಮುಳ್ಳು, ಮೀಸೆ ಇರುವ ಮೀನುಗಳ ರೆಕ್ಕೆಯ ಮುಳ್ಳು ಚುಚ್ಚಿದರೆ ಕಣ್ಣಲ್ಲಿ ನೀರು ಬರುವ ನೋವು. ಸಹಿಸುವಷ್ಟು ಬಿಸಿಯಾದ ನೀರಿನಲ್ಲಿ ಅರ್ಧ ಒಂದು ಗಂಟೆ ಮುಳುಗಿಸಿಡಿ, ನೋವು ಇಳಿಯುತ್ತದೆ. ಮುಳ್ಳು ಒಳಗೆ ಮುರಿದಿದ್ದರೆ ದಡಕ್ಕೆ ಬಂದ ಕೂಡಲೇ ಆಸ್ಪತ್ರೆ. ಟಿಟಿ ಇಂಜೆಕ್ಷನ್ ಸೀಸನ್ ಶುರುವಿಗೇ ಹಾಕಿಸಿಕೊಂಡಿರಿ.

ವಿಂಚ್ ತಿರುಗುವಾಗ ಹತ್ತಿರ ಲುಂಗಿ, ಕುತ್ತಿಗೆಗೆ ಟವೆಲ್ ಬೇಡವೇ ಬೇಡ. ಬಿಗಿದ ಹಗ್ಗದ ಮೇಲೆ ಕಾಲು ದಾಟಿಸಬೇಡಿ, ಅದರ ನೇರಕ್ಕೆ ನಿಲ್ಲಲೂ ಬೇಡಿ. ರಾತ್ರಿ ಒಬ್ಬರೇ ಬೋಟಿನ ಅಂಚಿಗೆ ಮೂತ್ರಕ್ಕೆ ಹೋಗಿ ಬಿದ್ದವರು ಬಹಳ. ನಾಚಿಕೆ ಬಿಟ್ಟು ಒಬ್ಬನನ್ನು ಎಬ್ಬಿಸಿ.

ಜೀವದ ವಿಷಯ

ಲೈಫ್ ಜಾಕೆಟ್ ಜನರ ಲೆಕ್ಕಕ್ಕೆ ಸರಿಯಾಗಿ ಇದೆಯಾ, ಕೈಗೆ ಸಿಗುವ ಜಾಗದಲ್ಲಿದೆಯಾ, ಅಥವಾ ರೇಷನ್ ಮೂಟೆಯ ಅಡಿಯಲ್ಲಿದೆಯಾ? ಬೋಟು ಹತ್ತಿದ ಕೂಡಲೇ ನೋಡಬೇಕಾದ್ದು ಇದು. 2020ರ ನವೆಂಬರ್ ಕೊನೆಯಲ್ಲಿ ಮಂಗಳೂರಿನಿಂದ ಹೋದ ಪರ್ಸೀನ್ ಬೋಟೊಂದು ವಾಪಸ್ ಬರುವಾಗ ಮಗುಚಿ ಆರು ಜನ ತೀರಿಹೋದರು.

2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಏಳು ಜನರ ಸಮೇತ ಕಾಣೆಯಾಯಿತು. ಏಳರಲ್ಲಿ ಐದು ಜನ ನಮ್ಮ ಉತ್ತರ ಕನ್ನಡದವರು. ಅವಶೇಷ ಪತ್ತೆಯಾದದ್ದು 2019ರ ಮೇ ತಿಂಗಳಲ್ಲಿ, ಮಹಾರಾಷ್ಟ್ರದ ಮಾಲ್ವಣ್ ಆಚೆಯ ಕಡಲಡಿಯಲ್ಲಿ. ಆ ಐದು ತಿಂಗಳು ಊರುಗಳಲ್ಲಿ ಮನೆಯವರು ಕಾದದ್ದನ್ನು ನೋಡಿದವರಿಗೆ ಮುಂದಿನ ಮಾತು ಹೇಳಬೇಕಾಗಿಲ್ಲ. ಬೋಟಿನ ಹೆಸರು, ನೋಂದಣಿ ಸಂಖ್ಯೆ, ತಾಂಡೇಲನ ಮತ್ತು ಮಾಲೀಕರ ನಂಬರ್, ಹೊರಟ ದಿನ, ಬರುವ ಅಂದಾಜು ದಿನ, ಇಷ್ಟನ್ನು ಪ್ರತಿ ಟ್ರಿಪ್ಪಿಗೂ ಮನೆಗೆ ಕಳಿಸಿ. ವೈರ್‌ಲೆಸ್ ಸೆಟ್ಟಿನಲ್ಲಿ ಅಪಾಯದ ಕರೆಗೆ ಚಾನೆಲ್ 16, ಫೋನ್ ರೇಂಜ್ ಇದ್ದರೆ ಕೋಸ್ಟ್ ಗಾರ್ಡ್ 1554, ಕರಾವಳಿ ಕಾವಲು ಪೊಲೀಸ್ 1093. ತಾಂಡೇಲನಿಗೆ ಮಾತ್ರ ವೈರ್‌ಲೆಸ್ ಗೊತ್ತಿದ್ದರೆ ಸಾಲದು, ಅವನೇ ನೀರಿಗೆ ಬಿದ್ದರೆ? ಕೇಳಿ ಕಲಿತುಕೊಳ್ಳಿ.

ಅಕ್ಟೋಬರ್‌ನಿಂದ ಡಿಸೆಂಬರ್, ಮತ್ತೆ ಮೇ, ಅರಬ್ಬೀ ಕಡಲಿನಲ್ಲಿ ಚಂಡಮಾರುತದ ಕಾಲ. 2017ರ ಓಖಿ, 2019ರ ಕ್ಯಾರ್, 2021ರ ತೌಕ್ತೆ ಎಲ್ಲ ಆ ತಿಂಗಳುಗಳಲ್ಲೇ ಬಂದದ್ದು. ಹವಾಮಾನ ಇಲಾಖೆ ಎಚ್ಚರಿಕೆ ಕೊಟ್ಟಾಗ "ಏನೂ ಆಗಲ್ಲ, ಈಗಲೇ ಮೀನು ಬೀಳೋದು" ಅನ್ನುವ ಬೋಟಿನಿಂದ ಇಳಿದುಬಿಡಿ.

ದಡದ ಕೆಲಸದಲ್ಲೂ ಒಂದು ಸಾವಿನ ಬಾಯಿ ಇದೆ. ಮೀನು ಕೊಳೆತ ತೊಟ್ಟಿ, ಟ್ಯಾಂಕ್, ತುಂಬ ದಿನ ಮುಚ್ಚಿಟ್ಟ ಬೋಟಿನ ಸ್ಟೋರೇಜ್ ಒಳಗೆ ವಿಷಗಾಳಿ ತುಂಬಿರುತ್ತದೆ. 2022ರ ಏಪ್ರಿಲ್‌ನಲ್ಲಿ ಮಂಗಳೂರಿನ ಒಂದು ಮೀನು ಸಂಸ್ಕರಣಾ ಘಟಕದ ತ್ಯಾಜ್ಯದ ಟ್ಯಾಂಕಿಗೆ ಇಳಿದು ಪಶ್ಚಿಮ ಬಂಗಾಳದ ಐದು ಹುಡುಗರು ಸತ್ತರು. ಒಬ್ಬ ಬಿದ್ದ ಅಂತ ಇನ್ನೊಬ್ಬ ಇಳಿಯುವುದು, ಹೀಗೆಯೇ ಸರಮಾಲೆಯಾಗಿ ಸಾಯುವುದು. ಯಾರು ಹೇಳಿದರೂ ಇಳಿಯಬೇಡಿ. ಕೆಲಸ ಹೋದರೆ ಹೋಗಲಿ.

ಹೊರದೇಶದ ಮಾತು ಬಂದರೆ

"ದುಬೈ ಬೋಟಿನಲ್ಲಿ ಕೆಲಸ", "ಅಲಾಸ್ಕಾದಲ್ಲಿ ಮೀನು ಪ್ಯಾಕಿಂಗ್, ತಿಂಗಳಿಗೆ ಲಕ್ಷ" ಅಂತ ಮೊಬೈಲಿಗೆ ಬರುವ ಮೆಸೇಜುಗಳಿಗೆ ದುಡ್ಡು ಕಟ್ಟಬೇಡಿ. ಗಲ್ಫಿಗೆ ಹೋಗುವುದಾದರೆ ಏಜೆಂಟ್ ಸರಕಾರದ ಇ-ಮೈಗ್ರೇಟ್ ಪಟ್ಟಿಯಲ್ಲಿದ್ದಾನಾ ನೋಡಿ. ವಿಸಿಟ್ ವೀಸಾದಲ್ಲಿ ಹೋಗಿ ಕೆಲಸ ಮಾಡು ಅಂದರೆ ಅಲ್ಲಿಗೆ ಮಾತು ಮುಗಿಸಿ. 2018ರಲ್ಲಿ ದುಬೈ ಕಡೆಯ ಬೋಟುಗಳಲ್ಲಿ ದುಡಿಯುತ್ತಿದ್ದ ಉತ್ತರ ಕನ್ನಡದ ಮೀನುಗಾರರು ಗಡಿ ದಾಟಿದ ಆರೋಪದಲ್ಲಿ ಇರಾನಿನಲ್ಲಿ ತಿಂಗಳುಗಟ್ಟಲೆ ಸಿಕ್ಕಿಹಾಕಿಕೊಂಡಿದ್ದರು. ಕಡಲಿಗೆ ಬೇಲಿ ಇಲ್ಲ, ಆದರೆ ಗಡಿ ಇದೆ.

ಹೆಚ್ಚು ಓದುವ ಮನಸ್ಸಿದ್ದರೆ, ಎಸ್ಸೆಸ್ಸೆಲ್ಸಿ ಆದವರಿಗೆ ಕೊಚ್ಚಿಯಲ್ಲಿ ಕೇಂದ್ರ ಸರಕಾರದ ಸಿಫ್‌ನೆಟ್ ಸಂಸ್ಥೆ ಇದೆ. ಬೋಟು ನಡೆಸುವ, ಎಂಜಿನ್ ನೋಡಿಕೊಳ್ಳುವ ಎರಡು ವರ್ಷದ ಕೋರ್ಸುಗಳಿವೆ.

ಮೇ ತಿಂಗಳು ಬಂತು ಅಂದರೆ

ಮೇ ಮೊದಲ ವಾರಕ್ಕೇ ಲೆಕ್ಕ ಕೇಳಲು ಶುರು ಮಾಡಿ. ಮೀನು ಕಡಿಮೆ ಅಂತ ಹಲವು ಬೋಟು 31ರವರೆಗೆ ಕಾಯದೆ ಮೊದಲೇ ನಿಲ್ಲುತ್ತವೆ. ಕೊನೆ ದಿನ ಎಲ್ಲರೂ ರೈಲು ಹಿಡಿಯುವ ಗಡಿಬಿಡಿಯಲ್ಲಿ ಇರುವಾಗ ಪುಸ್ತಕ ತೆರೆಯಲು ಯಾರಿಗೂ ಪುರುಸೊತ್ತಿಲ್ಲ. ನೀವು ಪ್ರತಿ ಟ್ರಿಪ್ಪಿಗೆ ಬರೆದಿಟ್ಟ ಲೆಕ್ಕವನ್ನು ಅವರ ಪುಸ್ತಕದ ಪಕ್ಕ ಇಟ್ಟು ಸಾಲುಸಾಲಾಗಿ ನೋಡಿ. ಬಾಕಿ ಇದ್ದರೆ ಎಷ್ಟು, ಯಾವ ತಾರೀಕಿಗೆ ಅಂತ ಬರೆಸಿಕೊಳ್ಳಿ.

ಕರಾವಳಿಯಲ್ಲೇ ನೆಲೆಸಿ, ಮೀನುಗಾರರ ಸಹಕಾರ ಸಂಘದ ಸದಸ್ಯರಾದವರಿಗೆ ಉಳಿತಾಯ ಮತ್ತು ಪರಿಹಾರ ಯೋಜನೆ ಇದೆ. ಸೀಸನ್ನಿನಲ್ಲಿ ನೀವು 1,500 ಕಟ್ಟಿದರೆ ಸರಕಾರಗಳು 3,000 ಸೇರಿಸಿ, ಒಟ್ಟು 4,500 ರೂಪಾಯಿಯನ್ನು ಕೆಲಸ ಇಲ್ಲದ ತಿಂಗಳುಗಳಲ್ಲಿ ಕೊಡುತ್ತವೆ. ದೊಡ್ಡ ದುಡ್ಡಲ್ಲ, ಜುಲೈಯಲ್ಲಿ ಅಷ್ಟು ಕಡಿಮೆ ಮುಂಗಡ ಸಾಕಾಗುತ್ತದೆ. ದೂರದೂರಿನವರಾದರೆ ಊರಿಗೆ ಹೋಗಿ ಬಿತ್ತನೆ ಮುಗಿಸಿ, ಜುಲೈ ಮೊದಲ ವಾರ ತಾಂಡೇಲನಿಗೆ ಒಂದು ಫೋನ್ ಮಾಡಿ. ಅವನು ಮಾಡುವ ತನಕ ಕಾಯಬೇಡಿ.